ಆಚೆ ದಡದ ಮಾತಿಗೆ ಸೌಂಡಿಲ್ಲ

ನಮ್ಮೂರಿನ ಕೋರ್ಟಿನೊಳಗೆ ಹೊಳೆಯಾಚೆಯ ಮಾತಿಗೆ ಸೌಂಡಿಲ್ಲ. ಎಮ್ಮೆ ಕಳುವಾಯಿತು ಅನ್ನಿ, ಚೆನ್ನಾಗಿ ಕೇಳಿಸುತ್ತದೆ. ಆ ಎಮ್ಮೆ ಈಜಿಕೊಂಡು ಆಚೆ ದಡಕ್ಕೆ ಹೋಯಿತು ಅನ್ನಿ, ಈಜಿಕೊಂಡು ಅನ್ನುವ ತನಕ ಕೇಳಿಸಿ ಮುಂದೆ ಬರೀ ಬಾಯಿ ಆಡುತ್ತದೆ. ಕೂಗಿದರೂ ಅಷ್ಟೇ, ಪಿಸುಗುಟ್ಟಿದರೂ ಅಷ್ಟೇ. ಬರೆದು ಕೊಡೋಣವೆಂದರೆ ಕೋರ್ಟಿನ ಹೊಸ್ತಿಲು ದಾಟಿದ ಕೂಡಲೇ ಅಷ್ಟು ಸಾಲು ಕಾಗದದಿಂದ ಮಾಯ. ನಮ್ಮ ಅಜ್ಜಂದಿರ ಕಾಲದಿಂದ ಹೀಗೇ ಇದೆ, ಯಾರೂ ತಲೆ ಕೆಡಿಸಿಕೊಂಡಿಲ್ಲ. ಸೌಂಡು ಹೋದ ಕೂಡಲೇ ಟೈಪಿಸ್ಟ್ ಮಾದಯ್ಯ ಮಷೀನಿನ ರೋಲರ್ ತಿರುಗಿಸಿ ಖಾಲಿ ಸಾಲು ಬಿಡುತ್ತಾ ಹೋಗುತ್ತಾನೆ. ಜಡ್ಜ್ ಸಾಹೇಬರು ತಲೆ ತಗ್ಗಿಸಿ ಮೇಜು ನೋಡುತ್ತಾರೆ. ತುಟಿ ನೋಡಿದರೆ ಕೇಳಿದ ಹಾಗಾಗುತ್ತದೆ, ಕೇಳಿದರೆ ತಪ್ಪಾಗುತ್ತದೆ ಅಂತ ಹಿಂದಿನವರು ಮಾಡಿಟ್ಟ ಪದ್ಧತಿ. ಒಂದು ಆಸ್ತಿ ಪಾಲಿನ ಕೇಸಿನಲ್ಲಿ ಎಂಬತ್ತು ವರ್ಷದ ಮುದುಕಿಯೊಬ್ಬಳು ತನ್ನ ತವರಿನ ಹೆಸರು ಹೇಳಲು ಹತ್ತು ನಿಮಿಷ ಒದ್ದಾಡಿದಳು. ಅವಳ ತವರು ಆಚೆ ದಡದಲ್ಲಿತ್ತು. ಕೊನೆಗೆ ರೆಕಾರ್ಡಿನಲ್ಲಿ ಅವಳು ಎಲ್ಲೂ ಹುಟ್ಟಲಿಲ್ಲ.

ಇಂಥ ಕೋರ್ಟಿನಿಂದಲೇ ನನಗೆ ಊರಿನಲ್ಲಿ ಬೆಲೆ ಬಂದದ್ದು. ನನ್ನ ಹೆಸರು ಮರಿಲಿಂಗ, ವಯಸ್ಸು ಇಪ್ಪತ್ಮೂರು. ಊರೆಲ್ಲಾ ಕರೆಯುವುದು ಸೌಂಡು ಅಂತ. ನಮ್ಮ ಟೆಂಟ್ ಟಾಕೀಸಿನ ಸ್ಪೀಕರು ಸುಟ್ಟುಹೋದಾಗ ಪರದೆಯ ಕೆಳಗೆ ಕೂತು, ತುಟಿ ನೋಡಿಕೊಂಡು, ಹೀರೊಗೂ ಹೀರೋಯಿನ್ನಿಗೂ ವಿಲನ್ನಿಗೂ ಅವರ ನಾಯಿಗೂ ಮಾತು ಕೊಟ್ಟವನು ನಾನು. ನಾಲ್ಕು ವರ್ಷ ಕೊಟ್ಟೆ. ಬೇಜಾರಾದಾಗ ಡೈಲಾಗ್ ತಿರುಚುತ್ತಿದ್ದೆ. ಹೀರೊನ ತಾಯಿ ಸಾಯುವ ಸೀನಿನಲ್ಲಿ ಆಕೆ ಮಗನ ಕೈ ಹಿಡಿದು, ಮಗಾ, ಒಲೆ ಮೇಲೆ ಹಾಲಿಟ್ಟಿದ್ದೀನಿ, ಉಕ್ಕೀತು ನೋಡ್ಕೋ ಅಂದಳು. ಟೆಂಟೆಲ್ಲಾ ನಕ್ಕಿತು, ಇಂಟರ್ವಲ್ಲಿನಲ್ಲಿ ನಾಲ್ಕು ಜನ ಹೆಂಗಸರು ನನ್ನನ್ನು ಹಿಡಿದು ಬಾರಿಸಿದರು. ಟಾಕೀಸು ಮುಚ್ಚಿದ ದಿನ ಪ್ರೊಜೆಕ್ಟರಿನ ಲೆನ್ಸು ಬಿಚ್ಚಿ ಜೇಬಿಗಿಳಿಸಿದೆ. ಆಮೇಲೆ ಕೋರ್ಟಿನ ಕಿಟಕಿ ಕಟ್ಟೆ ಹಿಡಿದೆ. ಒಳಗೆ ಸೌಂಡು ಹೋದಾಗೆಲ್ಲಾ ತುಟಿ ಓದಿ ಹೊರಗಿನ ಜಗಲಿಗೆ ಹೇಳುವುದು ನನ್ನ ಕೆಲಸ. ಜಗಲಿಗೆ ಎಲ್ಲಾ ಗೊತ್ತಾಗುತ್ತಿತ್ತು. ಗೊತ್ತಾಗಬಾರದ್ದು ಜಡ್ಜ್ ಒಬ್ಬರಿಗೆ ಮಾತ್ರ.

ದ್ಯಾವಕ್ಕ ನನಗೆ ಗುರುತಾದದ್ದು ಆ ಜಗಲಿಯಲ್ಲೇ. ಬಲೆ ಹೆಣೆದು ಮಾರುವ ಹೆಂಗಸು, ನಲವತ್ತು ದಾಟಿದ್ದಳು, ಕೈ ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ. ಅವಳ ಗಂಡ ಶಿವನಂಜ ಹರಿಗೋಲು ಹಾಕುವವನು. ಆಷಾಢದಲ್ಲಿ ಹೊಳೆ ತುಂಬಿದಾಗ ಹಗ್ಗ ಕಿತ್ತು ಹರಿಗೋಲಿನ ಸಮೇತ ತೇಲಿಕೊಂಡು ಆಚೆ ದಡಕ್ಕೆ, ಅಂದರೆ ಬೇರೆ ದೇಶಕ್ಕೆ, ಹೋಗಿ ಬಿದ್ದ. ಅಲ್ಲಿನವರು ಅವನನ್ನು ಗೂಢಚಾರ ಅಂತ ಹಿಡಿದು ಹೊಳೆದಂಡೆಯ ಜೈಲಿಗೆ ಹಾಕಿದರು. ಹೆಗಲ ಮೇಲೆ ಟವೆಲ್ ಇಟ್ಟುಕೊಂಡು ಮನೆಯೆಲ್ಲಾ ಟವೆಲ್ ಹುಡುಕುವ ಮನುಷ್ಯ ಗೂಢಚಾರ.

ಇದಕ್ಕೊಂದು ಒಪ್ಪಂದವಿತ್ತು. ಹನ್ನೊಂದು ವರ್ಷದ ಹಿಂದೆ ಎರಡೂ ದೇಶದ ದೊಡ್ಡವರು ನಡುಹೊಳೆಯಲ್ಲಿ ದೋಣಿ ನಿಲ್ಲಿಸಿಕೊಂಡು ರುಜು ಹಾಕಿದ್ದರು. ಹೊಳೆ ಕೊಚ್ಚಿಕೊಂಡು ಹೋದವರನ್ನು, ಬದುಕಿದ್ದರೂ ಸರಿ ಸತ್ತಿದ್ದರೂ ಸರಿ, ಮುಂದಿನ ಅಮಾವಾಸ್ಯೆಯೊಳಗೆ ಅವರ ದಡಕ್ಕೆ ಮುಟ್ಟಿಸಬೇಕು. ಆ ರುಜುವಿನ ಫೋಟೊ ಕೋರ್ಟಿನ ಮೊಗಸಾಲೆಯಲ್ಲೇ ನೇತಾಡುತ್ತಿದೆ. ಹಾರ ಹಾಕಿಕೊಂಡ ಇಬ್ಬರು ಕೈ ಕುಲುಕುತ್ತಿದ್ದಾರೆ. ದೋಣಿಯ ತುದಿಯಲ್ಲಿ ಜಲ್ಲೆ ಹಿಡಿದು ನಿಂತಿರುವವನು ಶಿವನಂಜ. ಚೌಕಟ್ಟು ಅವನ ಅರ್ಧ ಮುಖವನ್ನು ತಿಂದಿದೆ. ಒಪ್ಪಂದ ಆದಮೇಲೆ ಏಳೆಂಟು ಜನ ಹಾಗೆ ಹೋಗಿ ಹೀಗೆ ಬಂದಿದ್ದರು. ಆದರೆ ಎರಡು ವರ್ಷದ ಹಿಂದೆ ಆಚೆ ದಡದಲ್ಲಿ ಗಲಾಟೆಯಾಗಿ ಬಾವುಟದ ಬಣ್ಣ ಬದಲಾಯಿತು. ಹೊಸಬರು ಬಂದು ಕೂತರು. ನಮ್ಮ ರಾಜಧಾನಿ ಆ ಹೊಸಬರನ್ನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ದೋಣಿ ನಿಂತುಹೋಯಿತು.

ಲಾಯರ್ ಜಯಶೀಲಮ್ಮ ದ್ಯಾವಕ್ಕನ ಪರವಾಗಿ ಅರ್ಜಿ ಹಾಕಿದರು. ಹತ್ತು ಪುಟದ ಒಪ್ಪಂದವನ್ನು ಎದ್ದು ನಿಂತು ಓದಿದರು. ಇಪ್ಪತ್ತು ನಿಮಿಷ ಫ್ಯಾನಿನ ಕಿರುಗುಟ್ಟುವಿಕೆ ಬಿಟ್ಟು ಏನೂ ಕೇಳಿಸಲಿಲ್ಲ. ಒಪ್ಪಂದಕ್ಕೆ ನಮ್ಮ ಮೊಹರೂ ಇತ್ತು, ಆದರೆ ಪಕ್ಕದಲ್ಲೇ ಅವರದೂ ಇತ್ತು. ನಾನು ಕಿಟಕಿಯಿಂದ ಜಗಲಿಗೆ ಓದಿ ಹೇಳುತ್ತಿದ್ದೆ, ಜಡ್ಜ್ ಸಾಹೇಬರು ಮೇಜು ನೋಡುತ್ತಿದ್ದರು. ಕೊನೆಗೆ ತಲೆ ಎತ್ತಿ ಒಂದು ಮಾತು ಹೇಳಿದರು.

"ಗಂಡನ್ನ ಕರೆಸಿಕೊಡಿ ಅನ್ನೋದು ಕೇಳಿಸ್ತು. ಎಲ್ಲಿಂದ ಅನ್ನೋದು ಕೇಳಿಸ್ಲಿಲ್ಲ. ರಾಜಧಾನಿಗೆ ಬರೆದು ಕೇಳೋಣ."

ಅದು ದಾರಿ. ಆಚೆ ದಡದ ವಿಷಯದಲ್ಲಿ ರಾಜಧಾನಿಯಿಂದ ಮೊಹರು ಬಿದ್ದು ಬಂದ ಕಾಗದಕ್ಕೆ ಮಾತ್ರ ನಮ್ಮ ಕೋರ್ಟಿನಲ್ಲಿ ಸೌಂಡಿದೆ. ಅದರಲ್ಲಿ ಏನಿದೆಯೋ ಅದೇ ಸತ್ಯ. ಅದನ್ನು ಯಾರೂ ಅಡ್ಡ ಪ್ರಶ್ನೆ ಕೇಳುವ ಹಾಗಿಲ್ಲ, ಕೇಳಿದರೆ ಆ ಪ್ರಶ್ನೆಗೆ ಸೌಂಡಿಲ್ಲ. ಗುಮಾಸ್ತರು ಪೋಸ್ಟಾಫೀಸಿನ ಕಟ್ಟೆ ಮೇಲೆ ಕೂತು ಕಾಗದ ಬರೆದು ಹಾಕಿದರು. ಉತ್ತರಕ್ಕೆ ಕಾಯುವುದು ಶುರುವಾಯಿತು.

ಆ ವಾರವೇ ನಾನು ದ್ಯಾವಕ್ಕನನ್ನು ಹೊಳೆಗೆ ಕರೆದುಕೊಂಡು ಹೋದೆ. ನನ್ನ ತಲೆಯಲ್ಲಿದ್ದದ್ದು ಉಪಕಾರವಲ್ಲ, ಸೀನು. ಎದುರು ದಡದ ಜೈಲಿನ ಹಿಂದೆ ಹೊಳೆಗಿಳಿಯುವ ಮೆಟ್ಟಿಲಿದೆ, ಭಾನುವಾರ ಬೆಳಗ್ಗೆ ಕೈದಿಗಳನ್ನು ಸ್ನಾನಕ್ಕೆ ಇಳಿಸುತ್ತಾರೆ. ಇಷ್ಟಗಲದ ಹೊಳೆ, ಕೂಗು ಮುಟ್ಟುವುದಿಲ್ಲ. ಆದರೆ ನನ್ನ ಲೆನ್ಸಿಗೆ ತುಟಿ ಸಿಗುತ್ತದೆ. ಭಾನುವಾರ ಅವಳು ಮನೆಯಿಂದ ತಂದ ಕೆಂಪು ಸೀರೆಯನ್ನು ಬಿಡಿಸಿ ಬೀಸಿದಳು. ಆಚೆ ಸೊಂಟದ ತನಕ ನೀರಿನಲ್ಲಿದ್ದ ಒಬ್ಬ ಸಣಕಲು ಮನುಷ್ಯ ಬಟ್ಟೆ ಒಗೆಯುವುದು ನಿಲ್ಲಿಸಿ ನೆಟ್ಟಗೆ ನಿಂತ.

ಹಾಗೆ ನಾಲ್ಕು ತಿಂಗಳು ನಡೆಯಿತು. ಅವನು ಬಾಯಿ ಬಿಟ್ಟು ನಿಧಾನವಾಗಿ ಹೇಳುವುದು, ನಾನು ಓದಿ ಅವಳಿಗೆ ಹೇಳುವುದು, ಅವಳ ಉತ್ತರಕ್ಕೆ ನಾನು ಕೈ ಮಾಡುವುದು. ಬಲಗೈ ಎತ್ತಿದರೆ ಹೂಂ, ಎರಡೂ ಕೈ ಅಡ್ಡಡ್ಡ ಬೀಸಿದರೆ ಇಲ್ಲ, ಬೇಡ. ಅದಕ್ಕೆ ತಕ್ಕ ಹಾಗೆ ಅವನು ಪ್ರಶ್ನೆ ಕೇಳಲು ಕಲಿತ. ಸೂರಿನ ಹೆಂಚು ಸರಿ ಮಾಡಿಸಿದೆಯಾ, ಕೋಳಿ ಕಾವಿಗೆ ಕೂತಿತಾ, ಹರಿಗೋಲಿನ ಹಳೇ ಚರ್ಮ ಇಲಿ ತಿನ್ನದ ಹಾಗೆ ಮೇಲೆ ಕಟ್ಟಿದ್ದೀಯಾ. ಮೊದಲ ಭಾನುವಾರವೇ ನನಗೆ ಸಪ್ಪೆ ಅನಿಸಿತು. ಗಂಡ ಹೆಂಡತಿ ಮಧ್ಯೆ ಹೊಳೆ ಇದೆ, ಹಿನ್ನೆಲೆಯಲ್ಲಿ ಜೈಲಿದೆ, ಈ ಮನುಷ್ಯ ಇಲಿ ಅನ್ನುತ್ತಿದ್ದಾನೆ. ನಾನು ಸ್ವಲ್ಪ ಒಗ್ಗರಣೆ ಹಾಕಿದೆ. ಬಂಗಾರೀ, ಈ ಹೊಳೆಗೆ ದಡ ಎರಡಿರಬಹುದು, ನನ್ನೆದೆಗೆ ಇರೋದು ಒಂದೇ ಅಂತ ಹೇಳುತ್ತಿದ್ದಾನೆ ಅಂದೆ.

ದ್ಯಾವಕ್ಕ ಬಲೆಯ ಗಂಟು ಬಿಗಿಯುತ್ತಲೇ ನನ್ನ ಕಡೆ ನೋಡಿದಳು. "ಹದಿನಾರು ವರ್ಷದಾಗೆ ಆ ಮನುಷ್ಯ ನನ್ನ ಲೇ ಅನ್ನೋದು ಬಿಟ್ಟು ಇನ್ನೊಂದು ಕರ್ದಿಲ್ಲ. ಸೇರಿಸ್ಬೇಡ ಕಣೋ ಸೌಂಡು. ಅವನು ಹೇಳಿದ್ದಷ್ಟೇ ಹೇಳು."

ಇಲಿ ಅಂದೆ. ಅವಳು ನಕ್ಕುಬಿಟ್ಟಳು, ಕಣ್ಣು ಒರೆಸಿಕೊಂಡಳು, ಕಟ್ಟಿದ್ದೀನಿ ಅಂತ ಹೇಳು ಅಂದಳು. ನಾನು ಬಲಗೈ ಎತ್ತಿದೆ. ಆಮೇಲೂ ನಾನು ಬಿಡಲಿಲ್ಲ. ಪ್ರತಿ ವಾರ ಒಂದಾದರೂ ಡೈಲಾಗ್ ತೂರಿಸುತ್ತಿದ್ದೆ, ಪ್ರತಿ ವಾರ ಅವಳು ಅದನ್ನೇ ಎತ್ತಿ ಆಚೆ ಇಡುತ್ತಿದ್ದಳು, ಅಕ್ಕಿಯಿಂದ ಕಲ್ಲು ತೆಗೆದ ಹಾಗೆ. ಅದೊಂದು ಆಟವಾಯಿತು. ಆಡುತ್ತಾ ಆಡುತ್ತಾ ಅವಳೂ ತುಟಿ ಓದಲು ಕಲಿತಳು. ಲೆನ್ಸು ಒಂದೇ, ಅದು ನನ್ನ ಕಣ್ಣಿಗೇ ಅಂಟಿರುತ್ತಿತ್ತು, ಹಾಗಾಗಿ ಹೊಳೆಯಲ್ಲಿ ಅವಳಿಗೆ ಅವಕಾಶವಿರಲಿಲ್ಲ. ಆದರೆ ಕೋರ್ಟಿನ ಜಗಲಿಯಲ್ಲಿ ನನ್ನ ಪಕ್ಕ ಕೂತು, ಒಳಗೆ ಯಾರದೋ ಕೇಸಿನಲ್ಲಿ ಸೌಂಡು ಹೋದಾಗ, ನಾನು ಬಾಯಿ ತೆರೆಯುವ ಮೊದಲೇ ಎರಡು ಮೂರು ಮಾತು ಸರಿಯಾಗಿ ಹೇಳಿಬಿಡುತ್ತಿದ್ದಳು. ನಿನ್ನ ಹೊಟ್ಟೆ ಮೇಲೆ ಹೊಡೀತೀನಿ ನೋಡ್ತಿರು ಅನ್ನುತ್ತಿದ್ದಳು.

ಪುಷ್ಯದ ಹೊತ್ತಿಗೆ ಶಿವನಂಜನಿಗೆ ಕೆಮ್ಮು ಹಿಡಿದಿತ್ತು. ಮೂರು ಮಾತಿಗೆ ಒಂದು ಸಲ ಬಗ್ಗಿ ಮೊಣಕಾಲು ಹಿಡಿದುಕೊಳ್ಳುತ್ತಿದ್ದ. ಅದನ್ನು ನಾನು ಹೇಳುವುದೇ ಬೇಕಿರಲಿಲ್ಲ, ಬಗ್ಗಿದ್ದು ಬರಿಗಣ್ಣಿಗೂ ಕಾಣುತ್ತಿತ್ತು. ಅದೇ ವಾರ ರಾಜಧಾನಿಯಿಂದ ಕಾಗದ ಬಂದಿತು. ಮೊಹರು ಒಡೆಯದೆ ಕೋರ್ಟಿನ ಬೀರುವಿನಲ್ಲಿಟ್ಟರು. ಬುಧವಾರ ತೀರ್ಪು ಅಂತ ಗೊತ್ತಾಯಿತು. ಇಷ್ಟು ಬೇಗ ಉತ್ತರ ಬಂದಿದೆ ಅಂದರೆ ಒಳ್ಳೆಯ ಸುದ್ದಿಯೇ ಇರಬೇಕು, ಒಪ್ಪಂದ ಅವರದೇ ರುಜು, ಇಲ್ಲ ಅನ್ನಲು ಹೇಗೆ ಬರುತ್ತದೆ ಅಂತ ಜಯಶೀಲಮ್ಮನವರೂ ಹೇಳಿದರು.

ಬುಧವಾರದ ಹಿಂದಿನ ಭಾನುವಾರ ಶಿವನಂಜ ಮೆಟ್ಟಿಲಿನಿಂದ ಕೆಳಗೆ ಇಳಿಯಲಿಲ್ಲ. ಮೇಲೇ ಕೂತು, ಉಸಿರು ತೆಗೆದುಕೊಂಡು, ಒಂದೊಂದೇ ಮಾತು ಬಿಡಿಸಿ ಹೇಳಿದ. ಆ ಮಾತು ನನಗೆ ಈಗಲೂ ಬಾಯಿಪಾಠ.

"ನಾನು ಈ ಕಡೆಯವನೇ ಅಂತ ಹೆಬ್ಬೆಟ್ಟು ಒತ್ತಿದ್ರೆ ಬಿಟ್ಬಿಡ್ತಾರಂತೆ. ಆಸ್ಪತ್ರೆಗೂ ಸೇರಿಸ್ತಾರಂತೆ. ಆದ್ರೆ ಆ ಕಡೆ ತಿರುಗಿ ಬರೋ ಹಾಗಿಲ್ಲ. ಒತ್ಲಾ, ಬೇಡ್ವಾ. ಅವಳನ್ನ ಕೇಳು. ಇವತ್ತೇ ಹೇಳ್ಬೇಕಂತೆ."

ನಾನು ಲೆನ್ಸು ಕಣ್ಣಿನಿಂದ ತೆಗೆಯಲಿಲ್ಲ. ಪಕ್ಕದಲ್ಲಿ ದ್ಯಾವಕ್ಕ ಏನಂದ ಏನಂದ ಅಂತ ನನ್ನ ತೋಳು ಹಿಡಿದಿದ್ದಳು. ನಾನು ಮುನ್ನೂರು ಸಿನಿಮಾಕ್ಕೆ ಬಾಯಿ ಕೊಟ್ಟವನು. ಕ್ಲೈಮ್ಯಾಕ್ಸಿಗೆ ಮೂರು ದಿನ ಇರುವಾಗ ಹೀರೊ ಹೆಬ್ಬೆಟ್ಟು ಒತ್ತಿದ್ದನ್ನು ಒಂದರಲ್ಲೂ ನೋಡಿಲ್ಲ. ಕೋರ್ಟ್ ಸೀನಿನಲ್ಲಿ ಬಾಗಿಲು ತೆರೆಯುತ್ತದೆ, ಬೆಳಕು ಬೀಳುತ್ತದೆ, ಯಾರೋ ಕಾಗದ ಹಿಡಿದು ಓಡಿ ಬರುತ್ತಾರೆ. ಇಲ್ಲಿ ಕಾಗದ ಆಗಲೇ ಬಂದು ಬೀರುವಿನಲ್ಲಿದೆ. ಇವಳಿಗೆ ಹೇಳಿದರೆ ಅಳುತ್ತಾಳೆ, ಹೆದರಿ ಹೂಂ ಅಂದುಬಿಡುತ್ತಾಳೆ, ಬುಧವಾರ ಗೆದ್ದಮೇಲೆ ಗಂಡ ಆಚೆಯವನಾಗಿ ಕೂತಿರುತ್ತಾನೆ. ಇಷ್ಟೆಲ್ಲಾ ಯೋಚನೆ ಮಾಡಲು ನನಗೆ ಹಿಡಿದ ಹೊತ್ತು ಒಂದು ಡೈಲಾಗಿನಷ್ಟು. ನಾನು ಲೆನ್ಸು ಕೆಳಗಿಟ್ಟು ಎದ್ದು ನಿಂತು ಎರಡೂ ಕೈ ಅಡ್ಡಡ್ಡ ಬೀಸಿದೆ.

ಏನು ಬೇಡ ಅಂದೆ ಅಂತ ದ್ಯಾವಕ್ಕ ಕೇಳಿದಳು. ಸೂರು ಸೋರುತ್ತಾ ಅಂತ ಕೇಳಿದ, ಇಲ್ಲ ಅಂದೆ ಅಂದೆ. ಮಳೆಗಾಲ ಮುಗಿದು ಎಷ್ಟು ದಿನವಾಯಿತು, ಇವನಿಗೆ ಜೈಲಿನಲ್ಲೂ ಸೂರಿನದೇ ಚಿಂತೆ ಅಂತ ಅವಳು ಸೀರೆ ಮಡಚಿದಳು. ಆಚೆ ದಡದಲ್ಲಿ ಅವನು ಇನ್ನೂ ಸ್ವಲ್ಪ ಹೊತ್ತು ಕೂತಿದ್ದು, ಬಲಗೈ ಎತ್ತಿ, ಗೋಡೆ ಹಿಡಿದುಕೊಂಡು ಒಳಗೆ ಹೋದ.

ಬುಧವಾರ ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋದೆ. ಜಡ್ಜ್ ಸಾಹೇಬರು ಮೊಹರು ಒಡೆದು ಕಾಗದವನ್ನು ತಾವೇ ಓದಿದರು. ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿ ಕೇಳಿಸಿತು. ಒಂದೇ ವಾಕ್ಯ. ಹೊಳೆಯಾಚೆ ಸದ್ಯಕ್ಕೆ ಯಾವುದೇ ಸರ್ಕಾರ ಇರುವುದಾಗಿ ನಮ್ಮ ಸರ್ಕಾರ ಒಪ್ಪಿಕೊಂಡಿಲ್ಲ. ಅದರ ಮೇಲೆ ಸಾಹೇಬರು ತೀರ್ಪು ಕಟ್ಟಿದರು. ಸರ್ಕಾರವೇ ಇಲ್ಲವಾದ್ದರಿಂದ ಅಲ್ಲಿ ಜೈಲು ಇರಲು ಸಾಧ್ಯವಿಲ್ಲ. ಜೈಲು ಇಲ್ಲವಾದ್ದರಿಂದ ಅರ್ಜಿದಾರಳ ಗಂಡ ಜೈಲಿನಲ್ಲಿಲ್ಲ. ಒಪ್ಪಂದ ಮಾಡಿಕೊಂಡವರು ಈಗ ಇಲ್ಲ, ಆ ಒಪ್ಪಂದ ಇದೆಯೋ ಇಲ್ಲವೋ ಎಂದು ಹೇಳುವುದು ಸರ್ಕಾರಕ್ಕೆ ಬಿಟ್ಟದ್ದು, ಕೋರ್ಟಿಗಲ್ಲ. ಅರ್ಜಿ ವಜಾ.

ದ್ಯಾವಕ್ಕ ಎದ್ದು ನಿಂತಳು. ಕೈಯಲ್ಲಿ ಅರ್ಧ ಹೆಣೆದ ಬಲೆ ಹಾಗೇ ಇತ್ತು. "ಅವನು ಜೈಲಲ್ಲಿಲ್ಲ ಅಂದ್ರೆ ಎಲ್ಲವ್ನೆ ಅಂತ ಬರ್ದವ್ರೆ, ಸ್ವಾಮೀ?"

ಸಾಹೇಬರು ಕಾಗದವನ್ನು ತಿರುಗಿಸಿ ಹಿಂದುಗಡೆಯನ್ನೂ ನೋಡಿದರು. "ಬರೆದಿಲ್ಲಮ್ಮ," ಅಂದರು.

ಸರ್ಕಾರದ ಕಚೇರಿಗೂ ಹೋದೆವು. ಅಲ್ಲಿ ಬಾಯಿಗೆ ಸೌಂಡಿತ್ತು, ಆದರೆ ಕೋರ್ಟಿಗೆ ಹೋದ ವಿಷಯ ನಾವು ಮುಟ್ಟುವುದಿಲ್ಲ ಅಂದರು. ವಾಪಸು ಬರುವಾಗ ನಾನು ಒಂದೇ ಒಂದು ತಮಾಷೆ ಮಾಡಲಿಲ್ಲ. ದ್ಯಾವಕ್ಕನೇ, ಏನೋ ಸೌಂಡು, ಸ್ಪೀಕರ್ ಸುಟ್ಟೋಯ್ತಾ ಅಂದಳು. ನನ್ನ ತಲೆಯಲ್ಲಿ ಭಾನುವಾರ ಒಂದೇ ಇತ್ತು. ಭಾನುವಾರ ಬಂದ ಕೂಡಲೇ ಬಲಗೈ ಎತ್ತುವುದು, ಒತ್ತು ಒತ್ತು ಅಂತ ಎಷ್ಟು ಸಲ ಬೇಕೋ ಅಷ್ಟು ಸಲ ಎತ್ತುವುದು.

ಆ ಭಾನುವಾರ ಶಿವನಂಜ ಬರಲಿಲ್ಲ. ನಾನು ಮಧ್ಯಾಹ್ನದ ತನಕ ಖಾಲಿ ಮೆಟ್ಟಿಲಿಗೆ ಬಲಗೈ ಎತ್ತಿದೆ. ಯಾರಿಗೆ ಎತ್ತುತ್ತಿದ್ದೀಯ ಅಂತ ಅವಳು ಕೇಳಿದಳು. ಅದರ ಮುಂದಿನ ವಾರ ಕೈದಿಗಳ ಸಾಲಿನಿಂದ ಒಬ್ಬ ದಪ್ಪನೆಯ ಮನುಷ್ಯ ಬೇರೆಯಾಗಿ ಮುಂದೆ ಬಂದ. ಕೆಂಪು ಸೀರೆ ಎಲ್ಲಿದೆ ಅಂತ ಹುಡುಕಿ, ನಮ್ಮ ಕಡೆ ತಿರುಗಿ, ಎರಡೇ ಮಾತು ಹೇಳಿದ. ಮಂಗಳವಾರ ಹೋದ. ಚರ್ಮದ ಬಗ್ಗೆ ಕೇಳ್ತಿದ್ದ.

ನಾನು ಅವಳಿಗೆ ಅದನ್ನು ಹೇಳಿದೆ. ಏನೂ ಸೇರಿಸಲಿಲ್ಲ. ಸೇರಿಸಲು ಏನಾದರೂ ಇದ್ದಿದ್ದರೆ ಸೇರಿಸುತ್ತಿದ್ದೆ. ಅವಳು ಅಳಲಿಲ್ಲ, ಇಲಿ ತಿಂದಿಲ್ಲ ಅಂತ ಹೇಳು ಅಂದಳು. ನಾನು ಆ ದಪ್ಪ ಮನುಷ್ಯನಿಗೆ ಎರಡೂ ಕೈ ಅಡ್ಡಡ್ಡ ಬೀಸಿದೆ. ಅವನಿಗೆ ಅದು ಏನು ಅಂತ ಅರ್ಥವಾಗಲಿಲ್ಲ. ನೀರಿಗೆ ಇಳಿದು ತನ್ನ ಬಟ್ಟೆ ಒಗೆಯತೊಡಗಿದ.

ಒಪ್ಪಂದದಲ್ಲಿ ಸತ್ತಿದ್ದರೂ ಸರಿ ಅಂತ ಇದೆಯಲ್ಲ, ಹೆಣವನ್ನಾದರೂ ಕೇಳೋಣ ಅಂತ ಜಯಶೀಲಮ್ಮನವರು ಎರಡನೇ ಅರ್ಜಿ ಹಾಕಿದರು. ಆಗುವುದಿಲ್ಲ ಅಂತ ಅವರಿಗೂ ಗೊತ್ತಿತ್ತು. ದ್ಯಾವಕ್ಕನಿಗೂ ಗೊತ್ತಿತ್ತು. ಸತ್ತ ಅನ್ನೋದನ್ನ ಒಂದು ಕಡೆ ಹೇಳಿಬರ್ತೀನಿ ಅಷ್ಟೆ ಅಂದಳು. ಸಾವಿನ ಸುದ್ದಿ ಓದಿದವನು ನಾನೊಬ್ಬನೇ, ಹಾಗಾಗಿ ನನ್ನನ್ನು ಸಾಕ್ಷಿ ಮಾಡಿದರು. ಇಷ್ಟು ವರ್ಷ ಕಿಟಕಿಯಲ್ಲಿ ಕೂತವನು ಮೊದಲ ಸಲ ಕಟಕಟೆಯೊಳಗೆ ಹೋದೆ. ದಲಾಯತ ನನ್ನ ಹೆಸರನ್ನು ಮೂರು ಸಲ ಕೂಗಿದ, ಮೂರೂ ಸಲ ಕೇಳಿಸಿತು. ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ ಅಂತ ಪ್ರಮಾಣ ಮಾಡಿದೆ, ಅದೂ ಕೇಳಿಸಿತು. ನನ್ನ ಗಂಟಲು ಚೆನ್ನಾಗಿಯೇ ಇತ್ತು.

ಆಮೇಲೆ ಶುರು ಮಾಡಿದೆ. ಮಂಗಳವಾರ ಹೋದ ಅನ್ನುವುದನ್ನು ಹೇಳಿ ಮುಗಿಸಬಹುದಿತ್ತು. ಸೌಂಡು ಹೋಗಿತ್ತು, ಸಾಹೇಬರು ತಲೆ ತಗ್ಗಿಸಿದ್ದರು, ಮಾದಯ್ಯ ರೋಲರ್ ತಿರುಗಿಸುತ್ತಿದ್ದ. ಯಾರಿಗೂ ಕೇಳಿಸುವುದಿಲ್ಲ ಅನ್ನುವ ಧೈರ್ಯಕ್ಕೆ, ಹೊರಗೆ ಎಷ್ಟೋ ದಿನದಿಂದ ಬಾಯಿಗೆ ಬಾರದ್ದು ಬಂದಿತು. ಎಲ್ಲಾ ಹೇಳಿದೆ. ಹೆಬ್ಬೆಟ್ಟು ಒತ್ಲಾ ಬೇಡ್ವಾ ಅಂತ ಅವನು ಕೇಳಿದ್ದು, ಆಸ್ಪತ್ರೆಗೆ ಸೇರಿಸ್ತಾರೆ ಅಂದದ್ದು, ಅವಳನ್ನ ಕೇಳು ಅಂದದ್ದು, ನಾನು ಕೇಳದೇ ಇದ್ದದ್ದು, ಎದ್ದು ನಿಂತು ಕೈ ಬೀಸಿದ್ದು, ಸೂರು ಅಂತ ಸುಳ್ಳು ಹೇಳಿದ್ದು. ಅವನನ್ನು ನಾನೇ ಕೊಂದ ಹಾಗಾಯಿತು ಸ್ವಾಮೀ, ಏನು ಶಿಕ್ಷೆ ಇದೆಯೋ ಕೊಡಿ ಅಂದೆ. ಅಷ್ಟೊಂದು ದೊಡ್ಡ ಡೈಲಾಗನ್ನು ನಾನು ಯಾವ ಹೀರೊಗೂ ಕೊಟ್ಟಿರಲಿಲ್ಲ. ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು.

ನನ್ನ ಬಾಯಿ ನಿಂತದ್ದು ಗೊತ್ತಾಗಿ ಸಾಹೇಬರು ತಲೆ ಎತ್ತಿದರು. ಮಾದಯ್ಯನಿಗೆ ಬರೆಸಿದರು. "ಸಾಕ್ಷಿ ಪ್ರಮಾಣ ಮಾಡಿದ. ಬೇರೇನೂ ಹೇಳಲಿಲ್ಲ." ನನ್ನ ಕೈಗೆ ರುಜು ಹಾಕಲು ಕಾಗದ ಬಂದಿತು. ಮೇಲೆ ನನ್ನ ಹೆಸರು, ತಂದೆಯ ಹೆಸರು, ಪ್ರಮಾಣ. ಕೆಳಗೆ ಇಡೀ ಪುಟ ಬಿಳಿ. ಅದರ ಬುಡದಲ್ಲಿ ರುಜು ಹಾಕಿದೆ. ಅರ್ಜಿ ವಜಾ ಆಯಿತು. ಇಲ್ಲದ ಕಡೆ ಯಾರೂ ಸಾಯುವುದಿಲ್ಲವಂತೆ.

ಹೊರಗೆ ಬಂದಾಗ ದ್ಯಾವಕ್ಕ ಮೊಗಸಾಲೆಯಲ್ಲಿ ಆ ಫೋಟೊದ ಕೆಳಗೆ ನಿಂತಿದ್ದಳು. ಅವಳು ಕೋರ್ಟಿನೊಳಗೆ ಎಲ್ಲಿ ಕೂತಿದ್ದಳು ಅನ್ನುವುದು ನನಗೆ ಆಗ ನೆನಪಾಯಿತು. ಕಟಕಟೆಯ ಎದುರಿನ ಬೆಂಚು. ನಾಲ್ಕು ಮಾರು ದೂರ. ಲೆನ್ಸೇನೂ ಬೇಕಿಲ್ಲ.

ಅವಳು ನನ್ನ ಮುಖ ನೋಡಲಿಲ್ಲ. ತನ್ನ ಸೆರಗಿನ ತುದಿಯಿಂದ ಫೋಟೊದ ಗಾಜು ಒರೆಸಿದಳು, ಚೌಕಟ್ಟು ತಿಂದ ಆ ಅರ್ಧ ಮುಖದ ಮೇಲೆ ಮಾತ್ರ.

"ಈ ಸಲ ಏನೂ ಸೇರಿಸ್ಲಿಲ್ಲ ನೀನು," ಅಂದಳು.

 ಅವಳು ಮೆಟ್ಟಿಲು ಇಳಿದು, ಚಪ್ಪಲಿ ಹುಡುಕಿ, ಹಾಕಿಕೊಂಡು, ಬಲೆಯ ಗಂಟನ್ನು ಕಂಕುಳಿಗೆ ಸಿಕ್ಕಿಸಿದಳು.

"ಕೇಳಿದ್ದಿದ್ರೆ ಹೂಂ ಅಂತಿದ್ದೆ ಕಣೋ. ಆ ಕಡೇನೇ ಇರ್ತಿದ್ದ. ಭಾನುವಾರ ಭಾನುವಾರ ಇಲ್ಲಿಂದ ನೋಡ್ಕಂತಿದ್ದೆ."

ಅದು ಹೊರಗೆ ಆಡಿದ ಮಾತು. ಒಂದೊಂದಕ್ಷರವೂ ಕೇಳಿಸಿತು.